ಮಿದುಳು ಜ್ವರ: ಮೊದಲು ದಿನ ಎಣಿಸಿ, ಆಮೇಲೆ ಬೆನ್ನುನೀರು ನೋಡಿ

"ಮಿದುಳು ಜ್ವರ" ಎಂಬ ಒಂದೇ ಮಾತಿನೊಳಗೆ ನಮ್ಮ ಕಡೆ ಕನಿಷ್ಠ ಮೂರು ತೊಂದರೆಗಳು ತುಂಬಿಕೊಂಡಿವೆ. ಮಿದುಳನ್ನು ಸುತ್ತಿದ ಪೊರೆಗೆ ಉರಿಯೂತವಾದರೆ ಮೆನಿಂಜೈಟಿಸ್. ಮಿದುಳಿನ ತಿರುಳಿಗೇ ಆದರೆ ಎನ್ಸೆಫಲೈಟಿಸ್. ಟೈಫಾಯ್ಡೋ ಮಲೇರಿಯಾವೋ ಬಂದು ರೋಗಿ ಬಡಬಡಿಸುತ್ತಿದ್ದರೂ ಮನೆಯವರು ಹೇಳುವುದು ಅದನ್ನೇ, "ಜ್ವರ ತಲೆಗೇರಿದೆ" ಅಂತ. ಇನ್ನು ಮೆನಿಂಜೈಟಿಸ್‌ನಲ್ಲೇ ಬಗೆಗಳಿವೆ. ಒಂದು ಬಗೆ ಬೆಳಿಗ್ಗೆ ತಲೆನೋವು ಎಂದವರನ್ನು ಸಂಜೆಯೊಳಗೆ ಪ್ರಜ್ಞೆ ತಪ್ಪಿಸುತ್ತದೆ. ಇನ್ನೊಂದು ಮೂರು ವಾರ ಮೆಲ್ಲಗೆ ಕೊರೆಯುತ್ತದೆ. ಮತ್ತೊಂದು ಹೆಚ್ಚಿನ ಔಷಧವಿಲ್ಲದೆ ತಾನಾಗಿ ಇಳಿಯುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇವನ್ನು ಬಿಡಿಸಿ ನೋಡಲು ಹೆಚ್ಚಿನ ಪಾಲು ಕೆಲಸ ಮಾಡುವುದು ಎರಡೇ: ಗೋಡೆಯ ಕ್ಯಾಲೆಂಡರ್ ಮತ್ತು ಬೆನ್ನಿನಿಂದ ತೆಗೆದ ಒಂದಿಷ್ಟು ನೀರು (ಮಿದುಳು, ಬೆನ್ನುಹುರಿಯನ್ನು ಸುತ್ತಿರುವ ಬೆನ್ನುನೀರು).

ಕ್ಯಾಲೆಂಡರ್ ಹೇಳುವುದೇನು

"ಜ್ವರ ಎಷ್ಟಿತ್ತು?" ಎಂಬುದಕ್ಕಿಂತ "ಪೂರ್ತಿ ಚೆನ್ನಾಗಿದ್ದ ಕೊನೆಯ ದಿನ ಯಾವುದು?" ಎಂದು ಕೇಳಿ. ಮೊನ್ನೆ ಮದುವೆ ಊಟಕ್ಕೆ ಹೋಗಿದ್ದವರು ಇವತ್ತು ಮಂಪರಿನಲ್ಲಿದ್ದಾರೆ ಎಂದರೆ, ಅಂದರೆ ಎಲ್ಲವೂ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ನಡೆದಿದ್ದರೆ, ಅದು ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಎಂದೇ ಹೊರಡಬೇಕು. ಅಲ್ಲವೆಂದು ಆಮೇಲೆ ಗೊತ್ತಾದರೆ ನಷ್ಟವೇನಿಲ್ಲ. ವೈರಸ್‌ನದೂ ಎರಡು ಮೂರು ದಿನದ ಕಥೆಯೇ. ಆದರೆ ಆ ರೋಗಿ ತಲೆ ಸಿಡಿಯುತ್ತಿದ್ದರೂ ಎಚ್ಚರವಾಗಿರುತ್ತಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾನೆ. ಮಾತು ತಪ್ಪಿದರೆ, ನಡವಳಿಕೆ ಬದಲಾದರೆ, ಫಿಟ್ಸ್ ಬಂದರೆ ತಿರುಳಿಗೂ ತಗುಲಿದೆ ಎಂದರ್ಥ. ಆಗ ಹರ್ಪಿಸ್ ವೈರಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಔಷಧ ಏಸೈಕ್ಲೋವಿರ್ ಶುರುಮಾಡುವುದೇ ಕ್ರಮ, ವರದಿಗೆ ಕಾಯುವುದಿಲ್ಲ.

ವಾರ ದಾಟಿ ಎರಡನೆಯ, ಮೂರನೆಯ ವಾರಕ್ಕೆ ಬಂದಿದ್ದರೆ ನಮ್ಮ ದೇಶದಲ್ಲಿ ಮೊದಲ ಹೆಸರು ಟಿಬಿ. ಇದು ಮೋಸಗಾರ. ಸಂಜೆ ಸಣ್ಣ ಜ್ವರ, ಊಟ ಸೇರದು, ಕಾರಣವಿಲ್ಲದೆ ಸಿಡುಕು, ಬೆಳಿಗ್ಗೆ ವಾಂತಿ. ತಲೆನೋವಿಗೆ ಕಣ್ಣಿನ ಪರೀಕ್ಷೆ ಆಗುತ್ತದೆ, ವಾಂತಿಗೆ "ಗ್ಯಾಸ್ಟ್ರಿಕ್" ಎಂಬ ನಮ್ಮ ಸರ್ವರೋಗ ನಾಮಧೇಯ ಸಿಗುತ್ತದೆ, ನಡುವೆ ವಿಡಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂದು ಟೈಫಾಯ್ಡ್ ಔಷಧವೂ ಮುಗಿದಿರುತ್ತದೆ. (ಒಂದೇ ಒಂದು ವಿಡಾಲ್ ವರದಿ ಟೈಫಾಯ್ಡ್‌ಗೆ ಸಾಕ್ಷಿಯಲ್ಲ. ಹಿಂದಿನ ಸೋಂಕಿನಿಂದಲೂ ಅದು ಪಾಸಿಟಿವ್ ಬರುತ್ತದೆ.) ಆಮೇಲೊಂದು ದಿನ ರೋಗಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಕಣ್ಣುಗುಡ್ಡೆಯನ್ನು ಹೊರಕ್ಕೆ ಹೊರಳಿಸುವ ಆರನೆಯ ನರ ಸೋತಿರುತ್ತದೆ. ಟಿಬಿ ಮಿದುಳಿನ ತಳದಲ್ಲಿ ಅಂಟಿನಂಥ ಕೀವು ಕಟ್ಟುವುದರಿಂದ ಅಲ್ಲಿಂದ ಹೊರಡುವ ನರಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ನೀರಿನ ದಾರಿ ಕಟ್ಟಿಕೊಂಡು ಮಿದುಳಿನೊಳಗೆ ನೀರು ತುಂಬುತ್ತದೆ. ಪ್ರಜ್ಞೆ ಸರಿಯಿರುವಾಗ ಚಿಕಿತ್ಸೆ ಶುರುವಾದವರಿಗೂ ಪ್ರಜ್ಞೆ ಹೋದಮೇಲೆ ಶುರುವಾದವರಿಗೂ ಫಲದಲ್ಲಿ ಅಜಗಜಾಂತರ. ಎಚ್‌ಐವಿ ಇರುವವರಲ್ಲಿ ಇದೇ ನಿಧಾನದ ಕಥೆ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದ್ದೂ ಆಗಿರಬಹುದು.

ಮಲೆನಾಡಿನವರು ಇನ್ನೊಂದು ಲೆಕ್ಕ ನೆನಪಿಡಬೇಕು: ಎರಡು ಅಲೆ. ಮಂಗನ ಕಾಯಿಲೆಯಲ್ಲಿ ಮೊದಲ ಜ್ವರ ಒಂದು ವಾರ, ಹತ್ತು ದಿನಕ್ಕೆ ಬಿಟ್ಟು ರೋಗಿ ಚೇತರಿಸಿಕೊಂಡ ಹಾಗೆ ಕಾಣುತ್ತಾನೆ. ಒಂದೆರಡು ವಾರ ಕಳೆದು ಕೆಲವರಿಗೆ ಜ್ವರ ಮರಳುತ್ತದೆ, ಈ ಸಲ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಗೊಂದಲದ ಜೊತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣ್ಣೆ ಹುಳದ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಕಾಡಿಗೆ ಸೊಪ್ಪು, ತರಗು ತರಲು ಹೋಗಿದ್ದು, ಹತ್ತಿರದಲ್ಲಿ ಮಂಗ ಸತ್ತದ್ದು ಇವೆರಡನ್ನೂ ಕೇಳದೆ ಬರೆದ ಕೇಸ್‌ಶೀಟ್ ಅಲ್ಲಿ ಅರ್ಧ ಕೇಸ್‌ಶೀಟ್.

ಕುತ್ತಿಗೆ ಮುಟ್ಟಿ ನೋಡುವುದು

ದಿಂಬು ತೆಗೆದು ರೋಗಿಯನ್ನು ಅಂಗಾತ ಮಲಗಿಸಿ. ಎರಡೂ ಅಂಗೈ ತಲೆಯ ಹಿಂದೆ ಇಟ್ಟು ಮೊದಲು ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿಸಿ. ಆಮೇಲೆ ಗಲ್ಲ ಎದೆಗೆ ತಾಗುವ ಹಾಗೆ ಎತ್ತಿ. ಮೆನಿಂಜೈಟಿಸ್‌ನಲ್ಲಿ ಪಕ್ಕಕ್ಕೆ ತಿರುಗುತ್ತದೆ, ಮುಂದಕ್ಕೆ ಬಗ್ಗುವುದಿಲ್ಲ. ಬಲವಂತ ಮಾಡಿದರೆ ತಲೆಯ ಜೊತೆ ಭುಜವೂ ಮೇಲೇಳುತ್ತದೆ. ಯಾವ ಕಡೆಗೂ ತಿರುಗದಿದ್ದರೆ ಅದು ವಯಸ್ಸಾದವರ ಕುತ್ತಿಗೆ ಮೂಳೆ ಸವೆತವೋ ಪಾರ್ಕಿನ್ಸನ್ ಬಿಗಿತವೋ ಇರಬಹುದು. ಕುತ್ತಿಗೆ ಬಗ್ಗಿಸಿದಾಗ ಮಂಡಿ ತಾನಾಗಿ ಮಡಚಿದರೆ ಬ್ರುಡ್ಜಿನ್ಸ್ಕಿ ಚಿಹ್ನೆ. ತೊಡೆಯನ್ನು 90 ಡಿಗ್ರಿ ಎತ್ತಿ ಮಂಡಿ ಬಿಡಿಸಲು ಹೋದಾಗ ಬೆನ್ನು, ತೊಡೆಯ ಹಿಂಭಾಗ ಸೆಳೆದು ನೋವಾದರೆ ಕರ್ನಿಗ್ ಚಿಹ್ನೆ. ಬಿದ್ದು ಪೆಟ್ಟಾಗಿರುವ ಅನುಮಾನವಿದ್ದರೆ ಇದ್ಯಾವುದನ್ನೂ ಮಾಡಬೇಡಿ.

ಈ ಚಿಹ್ನೆಗಳಿದ್ದರೆ ನಂಬಬಹುದು. ಇಲ್ಲದಿದ್ದರೆ ರೋಗವಿಲ್ಲ ಎಂದು ನಂಬುವಂತಿಲ್ಲ. ಹೆಚ್ಚಿನ ಅನಾಹುತ ಆಗುವುದು ಇಲ್ಲೇ. 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದು ವಯಸ್ಕರ ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ನ 696 ಪ್ರಕರಣಗಳನ್ನು ನೋಡಿತು. ಪಠ್ಯಪುಸ್ತಕದ ಮೂರೂ ಲಕ್ಷಣಗಳು, ಅಂದರೆ ಜ್ವರ, ಕುತ್ತಿಗೆ ಬಿಗಿತ, ಪ್ರಜ್ಞೆಯ ಏರುಪೇರು, ಒಟ್ಟಿಗೆ ಸಿಕ್ಕಿದ್ದು ಶೇ. 44ರಲ್ಲಿ ಮಾತ್ರ. ತಲೆನೋವನ್ನೂ ಸೇರಿಸಿ ನಾಲ್ಕರಲ್ಲಿ ಯಾವುದಾದರೂ ಎರಡು ಇದ್ದದ್ದು ಶೇ. 95ರಲ್ಲಿ. ಆದ್ದರಿಂದ ನಾಲ್ಕರಲ್ಲಿ ಎರಡು ಇದ್ದು ಬೇರೆ ಕಾರಣ ಕಾಣದಿದ್ದರೆ ಬೆನ್ನುನೀರಿನ ಯೋಚನೆ ಬರಲೇಬೇಕು. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರವೂ ಇರುವುದಿಲ್ಲ, ಬರೀ ಗೊಂದಲ ಇರುತ್ತದೆ.

ಹಸುಗೂಸಿನಲ್ಲಂತೂ ಕುತ್ತಿಗೆ ನೋಡಿ ಪ್ರಯೋಜನವಿಲ್ಲ. ಮೊಲೆ ಕಚ್ಚದಿರುವುದು, ಕೀರಲು ಧ್ವನಿಯ ಅಳು, ಎತ್ತಿಕೊಂಡರೆ ಸುಮ್ಮನಾಗುವ ಬದಲು ಇನ್ನೂ ಜೋರಾಗುವ ಅಳು (ಎತ್ತುವಾಗ ಬೆನ್ನು ಬಗ್ಗಿ ಪೊರೆ ಎಳೆಯುತ್ತದೆ, ಅದಕ್ಕೆ), ಮೈ ಬಿಸಿಯಾಗುವ ಬದಲು ತಣ್ಣಗಾಗುವುದು ಇವೇ ಸುಳಿವು. ನೆತ್ತಿಯನ್ನು ಮಗು ಅಳು ನಿಲ್ಲಿಸಿದಾಗ, ನೆಟ್ಟಗೆ ಕೂರಿಸಿಕೊಂಡು, ಬೆರಳಿನಿಂದ ಸವರಿ ನೋಡಿ. ಅಳುವಾಗ ಯಾವ ಮಗುವಿನ ನೆತ್ತಿಯೂ ಉಬ್ಬುತ್ತದೆ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ಮಗುವಿನಲ್ಲಿ ಒಳಗೆ ಒತ್ತಡವಿದ್ದರೂ ನೆತ್ತಿ ಉಬ್ಬದೆ ಇರಬಹುದು. ಜ್ವರದ ಫಿಟ್ಸ್ ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದೊಳಗೆ ಬರುವಂಥದ್ದು. 6 ತಿಂಗಳೊಳಗಿನ ಮಗುವಿಗೆ ಜ್ವರದ ಜೊತೆ ಫಿಟ್ಸ್ ಬಂದರೆ "ಜ್ವರಕ್ಕೆ ಬಂದದ್ದು" ಎಂದು ಕಳಿಸಬೇಡಿ.

ಮೈಮೇಲೆ ಕೆಂಪು, ನೇರಳೆ ಚುಕ್ಕೆಗಳಿದ್ದರೆ ಗಾಜಿನ ಲೋಟದ ಬದಿಯನ್ನು ಒತ್ತಿ ನೋಡಿ. ಒತ್ತಿದಾಗಲೂ ಮಾಯವಾಗದ ಚುಕ್ಕೆ, ಜೊತೆಗೆ ಜ್ವರ ಎಂದರೆ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿರಬಹುದು, ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಮೈಬಣ್ಣದಲ್ಲಿ ಚುಕ್ಕೆ ಬೇಗ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಭಾಗ, ಬಾಯಿಯ ಅಂಗುಳ ನೋಡಿ. ಹಾಗೆಯೇ ಕಿವಿಯಲ್ಲಿ ಕೀವು ಸೋರುತ್ತಿದೆಯೇ, ತಲೆಗೆ ಪೆಟ್ಟು ಬಿದ್ದಮೇಲೆ ಮೂಗಿನ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುತ್ತಿದೆಯೇ, ಕಂಕುಳು, ತೊಡೆಸಂದು, ಮೊಲೆಯ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇದೆಯೇ ಎಂದು ಹುಡುಕಿ. ಆ ಕಪ್ಪು ಕಲೆ ಸ್ಕ್ರಬ್ ಟೈಫಸ್ ಎಂಬ ಜ್ವರದ್ದು. ಅದಕ್ಕೆ ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ನ ಮಾಮೂಲು ಆಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್ ಏನೂ ಮಾಡದು, ಡಾಕ್ಸಿಸೈಕ್ಲಿನ್ ಬೇಕು.

ಊರಿನ ಆಸ್ಪತ್ರೆಯಲ್ಲಿ ಆಗಬೇಕಾದ್ದು

ದೊಡ್ಡಾಸ್ಪತ್ರೆ ಒಂದು ಗಂಟೆಗಿಂತ ದೂರವಿದ್ದು ಬ್ಯಾಕ್ಟೀರಿಯಾದ ಅನುಮಾನ ಬಲವಾಗಿದ್ದರೆ, 108 ಬರುವಷ್ಟರಲ್ಲಿ ಮೊದಲ ಡೋಸ್ ಕೊಟ್ಟೇ ಕಳಿಸುವುದು ಸರಿ. ವಯಸ್ಕರಿಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ, ಮಕ್ಕಳಿಗೆ ಕೆಜಿಗೆ 80ರಿಂದ 100 ಮಿ.ಗ್ರಾಂ. (2 ಗ್ರಾಂ ಮೀರದಂತೆ), ನರಕ್ಕೆ. ಸಿಗದಿದ್ದರೆ ಮಾಂಸಖಂಡಕ್ಕೆ, ಎರಡು ಕಡೆ ಹಂಚಿ. ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಹನಿಯುತ್ತಿರುವ ಅದೇ ನಳಿಕೆಯಲ್ಲಿ ಕೊಡಬೇಡಿ, ಹರಳುಗಟ್ಟುತ್ತದೆ. ನವಜಾತ ಶಿಶುವಿಗೆ, ಅದರಲ್ಲೂ ಕಾಮಾಲೆ ಇದ್ದರೆ, ಸೆಫ್ಟ್ರಿಯಾಕ್ಸೋನ್ ಬದಲು ಸೆಫೊಟ್ಯಾಕ್ಸಿಮ್. ರಕ್ತದ ಕಲ್ಚರ್ (ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ) ಬಾಟಲಿ ಇದ್ದರೆ ಔಷಧಕ್ಕೆ ಮೊದಲೇ ರಕ್ತ ತುಂಬಿ ಜೊತೆಗೆ ಕಳಿಸಿ. ಬಾಟಲಿ ಇಲ್ಲವೆಂದು ಔಷಧ ನಿಲ್ಲಿಸಬೇಡಿ. ಚೀಟಿಯಲ್ಲಿ "ಆಂಟಿಬಯೋಟಿಕ್ ಕೊಡಲಾಗಿದೆ" ಎಂದಷ್ಟೇ ಬರೆದರೆ ಸಾಲದು. ಯಾವುದು, ಎಷ್ಟು, ಎಷ್ಟು ಗಂಟೆಗೆ ಎಂದು ಬರೆಯಿರಿ. ಮನೆಯವರು ಹಿಂದಿನ ದಿನಗಳಲ್ಲಿ ನುಂಗಿಸಿದ ಮಾತ್ರೆಗಳ ಖಾಲಿ ಹಾಳೆಗಳನ್ನೂ ಕಟ್ಟಿ ಕೊಡಿ. ಅದರ ಬೆಲೆ ಲ್ಯಾಬ್‌ನಲ್ಲಿ ಗೊತ್ತಾಗುತ್ತದೆ: ನರಕ್ಕೆ ಔಷಧ ಬಿದ್ದ ಎರಡು ಗಂಟೆಯೊಳಗೆ ಮೆನಿಂಗೊಕಾಕಸ್, ನಾಲ್ಕು ಗಂಟೆಯ ಹೊತ್ತಿಗೆ ನ್ಯೂಮೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಲ್ಚರ್‌ನಲ್ಲಿ ಬೆಳೆಯದೆ ಹೋಗಬಹುದು.

ಬೆನ್ನುನೀರು ತೆಗೆಯುವುದು

"ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ" ಎಂಬ ಮಾತು ಪ್ರತಿ ವಾರ್ಡ್‌ನಲ್ಲೂ ಕೇಳಿಬರುತ್ತದೆ. ಸಹಿ ಹಾಕಲು ಮನೆಯವರು ಹಿಂಜರಿಯುವುದು ಅದಕ್ಕೇ. ಅವರಿಗೆ ಹೇಳಬೇಕಾದ್ದು ಇಷ್ಟು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು ಮೂರು ಮತ್ತು ನಾಲ್ಕನೆಯ, ಇಲ್ಲವೇ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವೆ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ, ಸೂಜಿ ತಾಗಿದರೆ ಸರಿದುಕೊಳ್ಳುತ್ತವೆ. ಒಟ್ಟು ನೀರು ಸುಮಾರು 150 ಮಿ.ಲೀ., ದಿನಕ್ಕೆ ದೇಹ ಸುಮಾರು 500 ಮಿ.ಲೀ. ಹೊಸದಾಗಿ ತಯಾರಿಸುತ್ತದೆ. ತೆಗೆದ 10 ಮಿ.ಲೀ. ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ.

ರೋಗಿಯನ್ನು ಮಗ್ಗುಲಾಗಿ, ಮಂಚದ ಅಂಚಿಗೆ, ಮಂಡಿ ಹೊಟ್ಟೆಗೆ ತಾಗುವಂತೆ ಮಡಚಿ ಮಲಗಿಸಿ. ಎರಡೂ ಸೊಂಟದ ಮೂಳೆಗಳ ತುದಿ ಸೇರಿಸುವ ಗೆರೆ ಬೆನ್ನೆಲುಬನ್ನು ಕತ್ತರಿಸುವ ಜಾಗವೇ ಗುರುತು. ಭುಜ, ಸೊಂಟ ಎರಡೂ ನೆಲಕ್ಕೆ ನೆಟ್ಟಗೆ ನಿಂತಿರಬೇಕು. ಮೇಲಿನ ಭುಜ ಮುಂದಕ್ಕೆ ವಾಲಿದರೆ ಬೆನ್ನೆಲುಬು ತಿರುಚಿಕೊಂಡು ಸೂಜಿ ಮೂಳೆಗೇ ಬಡಿಯುತ್ತದೆ. ಹೆಚ್ಚಿನ ಸಲ ನೀರು ಸಿಗದಿರಲು ತಪ್ಪಿದ್ದು ಕೈಯಲ್ಲ, ಮಲಗಿಸಿದ ರೀತಿ. ಹಿಡಿದುಕೊಳ್ಳುವ ಸಿಸ್ಟರ್ ಅಲ್ಲಿ ಡಾಕ್ಟರಷ್ಟೇ ಮುಖ್ಯ. ಸೂಜಿಯನ್ನು ಹೊಕ್ಕಳಿನ ಕಡೆಗೆ ಸ್ವಲ್ಪ ಓರೆ ಮಾಡಿ ತಳ್ಳಿದಾಗ ಒಂದು ಹಂತದಲ್ಲಿ ಹಲಸಿನ ತೊಳೆಯ ಪೊರೆ ಒಡೆದ ಹಾಗೆ ಸಣ್ಣ "ಟಪ್" ಎಂಬ ಅನುಭವ ಬೆರಳಿಗೆ ಸಿಗುತ್ತದೆ. ಒಳಗಿನ ಸಲಾಕೆ ಎಳೆದು ನೋಡಿ. ನೀರು ಬಂದರೆ ಮೊದಲು ಒತ್ತಡ ಅಳೆಯಿರಿ. ಅಳೆಯುವಾಗ ರೋಗಿಯ ಕಾಲು ಸಡಿಲಿಸಬೇಕು. ವಯಸ್ಕರಲ್ಲಿ 25 ಸೆಂ.ಮೀ. ನೀರಿಗಿಂತ ಹೆಚ್ಚಿದ್ದರೆ ಅದು ಖಂಡಿತ ಜಾಸ್ತಿ. ಒತ್ತಡ ಅಳೆಯುವ ಗಾಜಿನ ಕೊಳವೆಯನ್ನು ಹುಡುಕಲು ಬೇಸರಪಟ್ಟು ಬಿಟ್ಟುಬಿಡುವುದು ರೂಢಿಯಾಗಿದೆ. ಕ್ರಿಪ್ಟೋಕಾಕಸ್ ರೋಗಿಯ ಕಣ್ಣು ಉಳಿಯುವುದು, ಹೋಗುವುದು ಆ ಸಂಖ್ಯೆಯ ಮೇಲಿದೆ.

ಮೊದಲ ಕೊಳವೆ ಸಕ್ಕರೆ, ಪ್ರೋಟೀನ್‌ಗೆ. ಎರಡನೆಯದು ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡುವುದು), ಕಲ್ಚರ್‌ಗೆ. ಕೊನೆಯದು ಕಣಗಳ ಎಣಿಕೆಗೆ, ಏಕೆಂದರೆ ಸೂಜಿಯಿಂದ ಬಂದ ರಕ್ತ ಅದರಲ್ಲಿ ಕಡಿಮೆ. ಟಿಬಿ ಅನುಮಾನವಿದ್ದರೆ ವಯಸ್ಕರಲ್ಲಿ ಅದಕ್ಕೆಂದೇ ಕನಿಷ್ಠ 6 ಮಿ.ಲೀ. ಇಡಿ. 1 ಮಿ.ಲೀ. ಕಳಿಸಿ, ಟಿಬಿ ಕ್ರಿಮಿಯ ಜೀನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್ ಬಂತು ಎನ್ನುವುದರಲ್ಲಿ ಅರ್ಥವಿಲ್ಲ. ಆ ನೀರಿನಲ್ಲಿ ಕ್ರಿಮಿಗಳು ಬೆರಳೆಣಿಕೆಯಷ್ಟು. ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ನೋಡಿ ಬರೆದಿಡಿ. ಇದನ್ನು ಮರೆತರೆ ವರದಿಯ ಅರ್ಧ ಓದಲಾಗದು. ಮಾದರಿಯನ್ನು ಒಂದು ಗಂಟೆಯೊಳಗೆ ಲ್ಯಾಬ್‌ಗೆ ಮುಟ್ಟಿಸಿ. ಎರಡು ಗಂಟೆ ಹಾಗೇ ಇಟ್ಟರೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಸುಮಾರು ಅರ್ಧ ಕರಗಿಹೋಗಿರುತ್ತವೆ. ಕಲ್ಚರ್‌ನ ಕೊಳವೆಯನ್ನು ಫ್ರಿಜ್‌ನಲ್ಲಿ ಇಡಬೇಡಿ, ತಂಪಿಗೆ ಸಾಯುವ ಬ್ಯಾಕ್ಟೀರಿಯಾಗಳನ್ನೇ ನಾವು ಹುಡುಕುತ್ತಿರುವುದು. ಸಲಾಕೆಯನ್ನು ಮತ್ತೆ ಒಳಗಿಟ್ಟು ಸೂಜಿ ಹೊರತೆಗೆದರೆ ಆಮೇಲಿನ ತಲೆನೋವು ಕಡಿಮೆ. ಇಡೀ ದಿನ ಅಂಗಾತ ಮಲಗಿಸಿದರೆ ತಲೆನೋವು ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ.

ತಡೆಯಬೇಕಾದ ಸಂದರ್ಭಗಳಿವೆ. ಕೈಕಾಲಿನ ಒಂದು ಬದಿ ಸೋತಿದ್ದರೆ, ಹೊಸದಾಗಿ ಫಿಟ್ಸ್ ಬಂದಿದ್ದರೆ, ಪ್ರಜ್ಞೆ ತುಂಬಾ ಕುಸಿದಿದ್ದರೆ, ಕಣ್ಣಿನ ಹಿಂಪರದೆಯಲ್ಲಿ ನರ ಊದಿದ್ದರೆ, ಎಚ್‌ಐವಿಯಂತೆ ರೋಗನಿರೋಧಕ ಶಕ್ತಿ ಕುಂದಿದ್ದರೆ ಮೊದಲು ಸಿಟಿ ಸ್ಕ್ಯಾನ್. ಬೆನ್ನಿನ ಆ ಜಾಗದ ಚರ್ಮದಲ್ಲಿ ಕೀವಿದ್ದರೆ ಅಲ್ಲಿ ಸೂಜಿ ಬೇಡ. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ನೋಡದೆ ಸೂಜಿ ಎತ್ತಬಾರದು. 40-50 ಸಾವಿರಕ್ಕಿಂತ ಕಡಿಮೆಯಿದ್ದರೆ ಕಾಯಬೇಕು. ಆದರೆ ಸ್ಕ್ಯಾನ್‌ಗೆ ಸರದಿಯಲ್ಲಿ ಕಾಯುವಾಗ ಆಂಟಿಬಯೋಟಿಕ್ ಕಾಯಬಾರದು. ರಕ್ತದ ಕಲ್ಚರ್, ಡೆಕ್ಸಾಮೆಥಾಸೋನ್ (ಉರಿಯೂತ ಇಳಿಸುವ ಸ್ಟೆರಾಯ್ಡ್, ವಯಸ್ಕರಿಗೆ 10 ಮಿ.ಗ್ರಾಂ., ಮೊದಲ ಡೋಸ್‌ಗೆ ಮುಂಚೆ ಅಥವಾ ಜೊತೆಗೆ), ಆಂಟಿಬಯೋಟಿಕ್, ಆಮೇಲೆ ಸ್ಕ್ಯಾನ್, ಆಮೇಲೆ ನೀರು. "ಸಿಟಿ ನಾರ್ಮಲ್ ಬಂತು, ಏನೂ ಇಲ್ಲ" ಎಂಬ ಸಮಾಧಾನ ಬೇಡ. ಮೆನಿಂಜೈಟಿಸ್‌ನಲ್ಲಿ ಸಿಟಿ ಎಷ್ಟೋ ಸಲ ನಾರ್ಮಲ್ಲೇ.

ವರದಿ ಓದುವಾಗ

ಕೊಳವೆಯನ್ನು ಅಚ್ಚಾದ ಕಾಗದದ ಮುಂದೆ ಹಿಡಿಯಿರಿ. ಅಕ್ಷರ ಮಸುಕಾಗಿ ಕಂಡರೆ ಬಿಳಿ ಕಣಗಳು ಆಗಲೇ 200 ದಾಟಿರಬಹುದು. ಆರೋಗ್ಯವಂತರ ನೀರು ಬಾವಿಯಿಂದ ಸೇದಿದ ತಿಳಿನೀರಿನಂತೆ: ಕಣ 5ರೊಳಗೆ, ಪ್ರೋಟೀನ್ 15ರಿಂದ 45 ಮಿ.ಗ್ರಾಂ., ಸಕ್ಕರೆ ರಕ್ತದ್ದರ ಸುಮಾರು ಮೂರರಲ್ಲಿ ಎರಡು ಪಾಲು. ಬ್ಯಾಕ್ಟೀರಿಯಾ ಆದರೆ ಕಣ ಸಾವಿರದ ಮೇಲೆ, ಹೆಚ್ಚಿನವು ನ್ಯೂಟ್ರೋಫಿಲ್, ಪ್ರೋಟೀನ್ ನೂರರ ಮೇಲೆ, ಸಕ್ಕರೆ ಪಾತಾಳದಲ್ಲಿ. ಟಿಬಿ ಆದರೆ ಕಣ ಐವತ್ತರಿಂದ ಐನೂರು, ಹೆಚ್ಚಿನವು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣ, ಪ್ರೋಟೀನ್ ಹೆಚ್ಚು, ಸಕ್ಕರೆ ಕಡಿಮೆ. ಕೊಳವೆಯನ್ನು ಅಲುಗಿಸದೆ ಇಟ್ಟರೆ ಕೆಲವೊಮ್ಮೆ ಜೇಡರಬಲೆಯಂಥ ತೆಳು ಪೊರೆ ಕಟ್ಟುತ್ತದೆ. ವೈರಸ್ ಆದರೆ ಲಿಂಫೋಸೈಟ್, ಪ್ರೋಟೀನ್ ತುಸು ಹೆಚ್ಚು, ಸಕ್ಕರೆ ಮಾಮೂಲು.

ಇದು ಅಚ್ಚುಕಟ್ಟಾದ ಚಿತ್ರ, ನಿಜವಾದ ವರದಿಗಳು ಹೀಗೆ ಬರುವುದಿಲ್ಲ. ಸಕ್ಕರೆ ಕಾಯಿಲೆಯ ರೋಗಿಯೊಬ್ಬರ ಬೆನ್ನುನೀರಿನ ಸಕ್ಕರೆ 54 ಎಂದಿಟ್ಟುಕೊಳ್ಳಿ. ಲ್ಯಾಬ್‌ನವರು ಅದರ ಮುಂದೆ ನಾರ್ಮಲ್ ಎಂದೇ ಅಚ್ಚು ಹಾಕುತ್ತಾರೆ. ಆಗ ರಕ್ತದಲ್ಲಿದ್ದದ್ದು 240. ಭಾಗಿಸಿದರೆ 0.23 ಆಗುತ್ತದೆ, 0.4ಕ್ಕಿಂತ ಕೆಳಗೆ ಎಂದರೆ ಬ್ಯಾಕ್ಟೀರಿಯಾ ಅಥವಾ ಟಿಬಿಯ ಕಡೆಗೆ ಬೊಟ್ಟು. ವೈರಸ್ ಎಂದು ಮನೆಗೆ ಕಳಿಸಬೇಕಾಗಿದ್ದ ವರದಿ ಒಂದು ಭಾಗಾಕಾರದಲ್ಲಿ ಪೂರ್ತಿ ತಿರುಗಿತು. ಹಾಗೆಯೇ ವೈರಸ್‌ನಲ್ಲಿ ಮತ್ತು ಟಿಬಿಯಲ್ಲಿ ಮೊದಲ ದಿನಗಳಲ್ಲಿ ನ್ಯೂಟ್ರೋಫಿಲ್ ಹೆಚ್ಚಿರಬಹುದು. ಎರಡು ದಿನ ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಮಾತ್ರೆ ನುಂಗಿ ಬಂದವರಲ್ಲಿ ಕಲ್ಚರ್ ಖಾಲಿ, ಚಿತ್ರ ಅರ್ಧಂಬರ್ಧ. ಆಗ ಬೆನ್ನುನೀರಿನ ಲ್ಯಾಕ್ಟೇಟ್, ಪಿಸಿಆರ್ ಸಹಾಯಕ್ಕೆ ಬರುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಎರಡು ದಿನ ಬಿಟ್ಟು ಮತ್ತೊಮ್ಮೆ ತೆಗೆದ ನೀರು. ಸೂಜಿಯಿಂದ ರಕ್ತ ಬೆರೆತಿದ್ದರೆ ಪ್ರತಿ 500ರಿಂದ 1000 ಕೆಂಪು ಕಣಕ್ಕೆ ಒಂದು ಬಿಳಿ ಕಣ ಕಳೆಯಿರಿ. ಟಿಬಿಗೆಂದು ನೋಡುವ ಎಡಿಎ ಎಂಬ ಕಿಣ್ವ ಹತ್ತು ದಾಟಿತೆಂದು ಟಿಬಿ ಎನ್ನಬೇಡಿ, ಬ್ಯಾಕ್ಟೀರಿಯಾದಲ್ಲೂ ಅದು ಏರುತ್ತದೆ. ಜೀನ್‌ಎಕ್ಸ್‌ಪರ್ಟ್ ಪಾಸಿಟಿವ್ ಬಂದರೆ ಟಿಬಿ ಖಚಿತ. ನೆಗೆಟಿವ್ ಬಂತೆಂದು ಟಿಬಿ ಔಷಧ ನಿಲ್ಲಿಸುವಂತಿಲ್ಲ, ಅಲ್ಲಿ ತೀರ್ಮಾನ ಕ್ಯಾಲೆಂಡರ್‌ನದು. ಎಚ್‌ಐವಿ ಪರೀಕ್ಷೆ ಎಲ್ಲರಿಗೂ ಮಾಡಿ. ಪಾಸಿಟಿವ್ ಇದ್ದರೆ ಕಣಗಳು ಮಾಮೂಲಾಗಿದ್ದರೂ ಕ್ರಿಪ್ಟೋಕಾಕಲ್ ಆಂಟಿಜೆನ್ ಕಳಿಸಿ, ಬರೀ ಇಂಡಿಯಾ ಇಂಕ್ ಬಣ್ಣದ ಪರೀಕ್ಷೆ ನಂಬಬೇಡಿ.

ಬ್ಯಾಕ್ಟೀರಿಯಾದಂಥದ್ದೇ ಕೀವಿನ ನೀರು, ಆದರೆ ಗ್ರಾಂ ಸ್ಟೇನ್‌ನಲ್ಲಿ ಏನೂ ಇಲ್ಲ, ರೋಗಿ ವಾರದ ಹಿಂದೆ ಕೆರೆಯಲ್ಲಿ ಈಜಿದ್ದಾನೆ ಎಂದರೆ ಅಮೀಬಾ ನೆನಪಾಗಬೇಕು. 2024 ಮತ್ತು 2025ರಲ್ಲಿ ಕೇರಳ ಕಂಡ ಪ್ರಕರಣಗಳ ನಂತರ ಗಡಿಯ ಈಚೆಗೂ ಇದನ್ನು ಕೇಳದಿರಲು ಕಾರಣವಿಲ್ಲ. ನೇಗ್ಲೇರಿಯಾ ಎಂಬ ಈ ಅಮೀಬಾ ನೀರು ಕುಡಿದರೆ ಬರುವುದಲ್ಲ, ಮೂಗಿನೊಳಗೆ ಹೋದರೆ ಬರುವುದು. ತಾಜಾ, ತಣ್ಣಗಾಗದ ಬೆನ್ನುನೀರಿನ ಒಂದು ಹನಿಯನ್ನು ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಮೀಬಾ ತೆವಳುವುದು ಕಾಣುತ್ತದೆ. ಫ್ರಿಜ್‌ಗೆ ಹೋದರೆ ಚಲನೆ ನಿಂತು ಬಿಳಿ ಕಣದ ಹಾಗೇ ಕಾಣುತ್ತದೆ.

ಯಾರಿಗೆ ಯಾವುದು

ವಯಸ್ಸು ಅರ್ಧ ಉತ್ತರ ಹೇಳುತ್ತದೆ. ನವಜಾತ ಶಿಶುವಿಗೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಮತ್ತು ನಮ್ಮಲ್ಲಿ ವಿಶೇಷವಾಗಿ ಕ್ಲೆಬ್ಸಿಯೆಲ್ಲಾ, ಇ. ಕೋಲಿ. ಆಮೇಲಿನ ಐದು ವರ್ಷ ನ್ಯೂಮೊಕಾಕಸ್ ಮತ್ತು ಹಿಬ್ (ಹೀಮೊಫಿಲಸ್ ಇನ್‌ಫ್ಲುಯೆಂಜಾ ಬಿ). ಇವೆರಡಕ್ಕೂ ಸರ್ಕಾರಿ ಪಟ್ಟಿಯಲ್ಲೇ ಲಸಿಕೆಯಿದೆ: ಹಿಬ್‌ಗೆ ಪೆಂಟಾವೇಲೆಂಟ್ 6, 10, 14 ವಾರಕ್ಕೆ, ನ್ಯೂಮೊಕಾಕಸ್‌ಗೆ ಪಿಸಿವಿ 6, 14 ವಾರ ಮತ್ತು 9 ತಿಂಗಳಿಗೆ. ತಾಯಿ ಕಾರ್ಡ್ ತೆಗೆಸಿ ನೋಡಿ, ಅಲ್ಲಿ ಬಿಟ್ಟುಹೋದ ಚೌಕವೇ ಸುಳಿವು. ವಯಸ್ಕರಲ್ಲಿ ನ್ಯೂಮೊಕಾಕಸ್ ಮುಂದು. ಸೋರುವ ಕಿವಿ, ಸೈನಸ್, ಹಳೆಯ ತಲೆಪೆಟ್ಟು, ತೆಗೆಸಿದ ಗುಲ್ಮ ಅದಕ್ಕೆ ದಾರಿ. ಒಬ್ಬರಿಗೇ ಎರಡನೆಯ ಸಲ ಬಂದರೆ ತಲೆಬುರುಡೆಯಲ್ಲಿ ತೂತು ಹುಡುಕಬೇಕು. ಬಸುರಿಯರು, ವಯಸ್ಸಾದವರು, ಸ್ಟೆರಾಯ್ಡ್ ನುಂಗುವವರಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಸೆಫ್ಟ್ರಿಯಾಕ್ಸೋನ್ ಅದನ್ನು ಮುಟ್ಟುವುದಿಲ್ಲ, ಆಂಪಿಸಿಲಿನ್ ಸೇರಿಸಬೇಕು.

ಕೆನ್ನೆಬಾವು ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿ. ಸರ್ಕಾರಿ ಪಟ್ಟಿಯ ಎಂಆರ್ ಲಸಿಕೆಯಲ್ಲಿ ಅದು ಸೇರಿಲ್ಲ, ಮತ್ತು ಆ ವೈರಸ್‌ನಲ್ಲಿ ಸಕ್ಕರೆಯೂ ಇಳಿದು ಟಿಬಿಯ ಹಾಗೆ ಹೆದರಿಸಬಹುದು. ಕೋಲಾರ, ಮಂಡ್ಯ, ಬಳ್ಳಾರಿ ಕಡೆಯ ಮಕ್ಕಳಲ್ಲಿ ಮಳೆಗಾಲದ ನಂತರ ಜ್ವರ, ಫಿಟ್ಸ್ ಬಂದರೆ ಜಪಾನೀಸ್ ಎನ್ಸೆಫಲೈಟಿಸ್ ಐಜಿಎಂ (ಪ್ರತಿಕಾಯ) ಪರೀಕ್ಷೆಗೆ ಕಳಿಸಿ. ಮೊದಲ ವಾರದಲ್ಲಿ ನೆಗೆಟಿವ್ ಬಂದರೆ ಮತ್ತೊಮ್ಮೆ ಕಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಯಿದೆ.

ಮೆನಿಂಗೊಕಾಕಸ್ ನಮ್ಮಲ್ಲಿ ಅಪರೂಪ, ಆದರೆ 2005ರಲ್ಲಿ ದೆಹಲಿಯಲ್ಲಿ ಹರಡಿದ್ದು ಅದೇ. ಹಜ್, ಉಮ್ರಾಗೆ ಹೋಗುವವರಿಗೆ ಸೌದಿ ತಲುಪುವ ಕನಿಷ್ಠ 10 ದಿನ ಮೊದಲು ಅದರ ಲಸಿಕೆ ಕಡ್ಡಾಯ. ಹತ್ತಿರದವರಿಗೆ ಮಾತ್ರೆ ಹಂಚಬೇಕಾಗುವುದು ಮುಖ್ಯವಾಗಿ ಈ ಒಂದರಲ್ಲಿ. ಒಂದೇ ಮನೆಯಲ್ಲಿ ಮಲಗುವವರಿಗೆ, ರೋಗಿಯ ಬಾಯಿಗೆ ಕೊಳವೆ ಹಾಕಿದ ಸಿಬ್ಬಂದಿಗೆ 24 ಗಂಟೆಯೊಳಗೆ ಸಿಪ್ರೊಫ್ಲಾಕ್ಸಾಸಿನ್ 500 ಮಿ.ಗ್ರಾಂ. ಒಂದೇ ಡೋಸ್ (ವಯಸ್ಕರಿಗೆ). ನ್ಯೂಮೊಕಾಕಸ್‌ಗೆ, ಟಿಬಿ ಮೆನಿಂಜೈಟಿಸ್‌ಗೆ ಹೀಗೆ ಹಂಚುವುದಿಲ್ಲ. ಟಿಬಿ ಆದರೆ ಮನೆಯಲ್ಲಿ ಕೆಮ್ಮುತ್ತಿರುವವರು ಯಾರೆಂದು ಹುಡುಕಬೇಕು, ಮಗುವಿನ ಮಿದುಳಿಗೆ ಬಂದ ಟಿಬಿ ಯಾರೋ ದೊಡ್ಡವರ ಶ್ವಾಸಕೋಶದಿಂದ ಬಂದದ್ದು.

ಜ್ವರ ಬಿಟ್ಟು ರೋಗಿ ಎದ್ದು ಕೂತಮೇಲೆ ಡಿಸ್ಚಾರ್ಜ್ ಚೀಟಿಗೆ ಮುಂಚೆ ಒಂದು ಕೆಲಸ ಉಳಿದಿರುತ್ತದೆ, ಹೆಚ್ಚಾಗಿ ಮರೆತುಹೋಗುವಂಥದ್ದು: ಕಿವಿಯ ಪರೀಕ್ಷೆ. ಮಾತು ಬಾರದ ಮಗುವಾದರೆ ಬೇರಾ (ಮಗು ಉತ್ತರಿಸಬೇಕಿಲ್ಲದ, ಕಿವಿಯ ನರದ ಪ್ರತಿಕ್ರಿಯೆ ಅಳೆಯುವ) ಪರೀಕ್ಷೆ, ಹೆಚ್ಚೆಂದರೆ ನಾಲ್ಕು ವಾರದೊಳಗೆ. ನ್ಯೂಮೊಕಾಕಸ್ ಒಳಕಿವಿಯನ್ನು ಕೆಡಿಸಿದ್ದರೆ ಅಲ್ಲಿನ ಶಂಖದಂಥ ಸುರುಳಿ ವಾರಗಳಲ್ಲೇ ಮೂಳೆಗಟ್ಟಲು ಶುರುವಾಗಬಹುದು. ಪೂರ್ತಿ ಮೂಳೆಗಟ್ಟಿದ ಮೇಲೆ ಕಾಕ್ಲಿಯರ್ ಇಂಪ್ಲಾಂಟ್‌ನ ತಂತಿ ಒಳಗೆ ಹೋಗುವುದೇ ಕಷ್ಟ. ಆದ್ದರಿಂದ ಕೇಳಿಸುತ್ತಿಲ್ಲ ಎಂದು ಗೊತ್ತಾದ ವಾರವೇ ಮಗುವನ್ನು ಇಂಪ್ಲಾಂಟ್ ಮಾಡುವವರಿಗೆ ತೋರಿಸಿ.